ಕೊನೆಯ ಅಕ್ಷರದ ಹೂವು

ಜೂನ್ 14, ಶನಿವಾರ, ಬೆಳಗ್ಗೆ 10 ಗಂಟೆ 20 ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಆಗಷ್ಟೇ ಕರೆಂಟ್ ಹೋಗಿತ್ತು. ಅಂಗಡಿಯಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಯಾರೂ ಕೇಳಿಲ್ಲ, ಆದರೂ ಬರೆಯುತ್ತೇನೆ.

ನಾನು ಚಾಮರಾಜನಗರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು. ಮನೆ ಗುಂಡ್ಲುಪೇಟೆಯಲ್ಲಿ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಎರಡೂ ತೆರಕಣಾಂಬಿ ಮೇಲೆ ಹೋಗುವವು. ಅವತ್ತು ಕತ್ತಲಾದ ಅಂಗಡಿಯೊಳಗೆ ಬಂದವರೂ ತೆರಕಣಾಂಬಿಯವರೇ. ನಲವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ, ಬಿಳಿ ಅಂಗಿ. ಜಮೀನಿನ ಜೊತೆಗೆ ಕಡಲೆಕಾಯಿ ವ್ಯಾಪಾರ ಮಾಡಿಕೊಂಡಿದ್ದ ಮನೆತನ. ಈಗ ಗುಂಡ್ಲುಪೇಟೆ ದಾಟಿ ಹಂಗಳದ ಕಡೆ ಹೋಗುವ ಊಟಿ ರಸ್ತೆಯಲ್ಲಿ ಮರದ ಗಾಣದ ಎಣ್ಣೆ ಅಂಗಡಿ ತೆರೆಯುತ್ತಿದ್ದರು. ಅದಕ್ಕೆ ಬೋರ್ಡ್ ಬೇಕಿತ್ತು.

"ನೋಡವ್ವ, ಇಂಗಿರ್ಬೇಕು" ಎಂದು ಫೋನನ್ನು ನನ್ನ ಮುಂದಿಟ್ಟರು.

ಎಲ್ಲಿಂದಲೋ ಇಳಿಸಿಕೊಂಡ ಚಿತ್ರ. ಇಂಗ್ಲಿಷ್ ಅಕ್ಷರಗಳು. ಒಂದು ಗೆರೆ ದಪ್ಪ, ಅದರ ಪಕ್ಕದ್ದು ಕೂದಲಿನಷ್ಟು ಸಣ್ಣ. ಪ್ರತಿ ಗೆರೆಯ ತುದಿಗೂ ಚೂಪಾದ ಪುಟ್ಟ ಪಾದ. ಮೂಲೆಗಳಲ್ಲಿ ಬಳ್ಳಿ ಸುರುಳಿ, ಹೊಟ್ಟೆಯೊಳಗೆ ಹೂವು. ಹಳೆಯ ಸೋಪಿನ ಡಬ್ಬಿಯ ಮೇಲೆ, ಹಳೆಯ ಗಡಿಯಾರದ ಮುಖದ ಮೇಲೆ ಇರುವಂಥವು.

"ಇದು ಇಂಗ್ಲಿಷ್ ಸರ್."

"ಗೊತ್ತು ಕಣವ್ವ. ನಂಗೆ ಕನ್ನಡ್ದಲ್ಲಿ ಬೇಕು. ಊಟಿಗ್ ಓಗೋರು ಕಾರ್ ನಿಲ್ಲುಸ್ಬೇಕು. ನಮ್ ತಾತನ್ ಕಾಲ್ದಿಂದ್ಲೂ ಈ ಅಂಗಡಿ ಅದೆ ಅನ್ನಂಗ್ ಕಾಣ್ಬೇಕು."

"ತಾತನ ಕಾಲದಿಂದ ಇದೆಯಾ?"

"ಎಲ್ಲದೆ? ಶ್ರಾವಣದ್ ಮೊದಲ್ನೇ ಸೋಮವಾರ ಓಪನಿಂಗು."

10:52ಕ್ಕೆ ಕರೆಂಟ್ ಬಂತು. ನಮ್ಮ ಕಂಪ್ಯೂಟರಿನಲ್ಲಿರುವ ಕನ್ನಡ ಅಕ್ಷರದ ಮಾದರಿಗಳನ್ನೆಲ್ಲ ಒಂದೊಂದಾಗಿ ತೋರಿಸಿದೆ. ಮೂವತ್ತನಾಲ್ಕು. ಅವರು ಕೈಕಟ್ಟಿ ನಿಂತು ಒಂದೊಂದಕ್ಕೂ ತೀರ್ಪು ಕೊಟ್ಟರು. "ಇದು ಮದ್ವೆ ಕಾರ್ಡು. ಇದು ತಿಥಿ ಕಾರ್ಡು. ಇದು ಎಲೆಕ್ಷನ್ನು. ಇದು ಮತ್ತೆ ತಿಥಿ." ಮೂವತ್ತನಾಲ್ಕೂ ಮುಗಿದವು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲಂಕಾರದ ಹಳೇ ಶೈಲಿಯ ಅಕ್ಷರ ಎಂದರೆ ಇಂಗ್ಲಿಷಿಗೆ ಸಾವಿರ ಇವೆ. ಕನ್ನಡದ್ದು ಬೇಕೆಂದರೆ ಅದೇ ಮದುವೆ, ಅದೇ ತಿಥಿ.

ಆಗ ನಾನು ಹೇಳಬಾರದ ಮಾತನ್ನು ಹೇಳಿದೆ. "ಅಂಥ ಅಕ್ಷರ ನಮ್ಮಪ್ಪ ಬರೀತಿದ್ದರು."

ಅಪ್ಪ ಮೂವತ್ತು ವರ್ಷಕ್ಕೂ ಮೇಲೆ ಅಂಗಡಿ ಬೋರ್ಡ್ ಬರೆದವನು. ಚಾಮರಾಜನಗರದಲ್ಲಿ ಒಬ್ಬರು ಹಿರಿಯರ ಬಳಿ ಕಲಿತು ಗುಂಡ್ಲುಪೇಟೆಗೆ ಬಂದು ನೆಲೆಸಿದ. ಅವನ ಅಕ್ಷರವನ್ನು ದೂರದಿಂದಲೇ ಗುರುತಿಸಬಹುದು. ಅಡ್ಡ ಗೆರೆ ಸಣ್ಣ, ಇಳಿಗೆರೆ ದಪ್ಪ. ಪ್ರತಿ ಗೆರೆಯ ಕೊನೆಯಲ್ಲೂ ಬ್ರಷ್ಷನ್ನು ಒಂದು ಕ್ಷಣ ಒತ್ತಿ ಪಕ್ಕಕ್ಕೆ ಎಳೆದ ಚೂಪು ತುದಿ. ಕಂಪ್ಯೂಟರಿನವರು ಅದನ್ನು ಸೆರಿಫ್ ಎನ್ನುತ್ತಾರೆ. ಅಪ್ಪ ಉಗುರು ಎನ್ನುತ್ತಾನೆ. ತಲೆಕಟ್ಟು ನೇರವಾಗಿರದೆ ಬಾಳೆಲೆಯ ತುದಿಯಂತೆ ವಸಿ ಎತ್ತಿಕೊಂಡಿರುತ್ತದೆ. ಇನ್ನು ಬೋರ್ಡಿನ ಕೊನೆಯ ಅಕ್ಷರ, ಅದರ ಕೊನೆಯ ಗೆರೆ ಮುಗಿಯುವಲ್ಲಿ ಒಂದು ಪುಟ್ಟ ಹೂವು. ಎಲ್ಲ ಬೋರ್ಡಿನಲ್ಲೂ ಕೊನೆಗೆ ಒಂದೇ ಒಂದು ಹೂವು.

ಎರಡು ವರ್ಷದಿಂದ ಅಪ್ಪ ಬ್ರಷ್ ಮುಟ್ಟಿಲ್ಲ. ಬಲಭುಜ ಮೇಲಕ್ಕೆ ಏಳುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಾನು ಎಂದು ನನ್ನ ಲೆಕ್ಕ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುಂಡ್ಲುಪೇಟೆಯ ಒಂದು ದಿನಸಿ ಅಂಗಡಿಗೆ ಫ್ಲೆಕ್ಸ್ ಮಾಡಿದೆ. ಎಲ್ಲಿಗೆ ಹೊಡೆಯುತ್ತಾರೆ ಎಂದು ಕೇಳಲಿಲ್ಲ. ಅವರು ಅದನ್ನು ಅಪ್ಪ ಬರೆದಿದ್ದ ಹಳೇ ತಗಡಿನ ಬೋರ್ಡಿನ ಮೇಲೆಯೇ ಮೊಳೆ ಹೊಡೆದು ಕೂರಿಸಿದರು. ಅಪ್ಪ ದಿನಾ ಪೇಪರ್ ಓದಲು ಹೋಗುವ ಸಲೂನು ಅದರ ಎದುರಿಗೇ ಇದೆ. ಅವತ್ತಿನ ಡೈರಿಯಲ್ಲಿ ಹೀಗಿದೆ: "ಅಪ್ಪ ಎರಡು ಮುದ್ದೆ ಉಂಡ. ಬೋರ್ಡಿನ ವಿಷಯ ಎತ್ತಲಿಲ್ಲ." ಅವತ್ತಿನಿಂದ ಅವನು ಅಕ್ಷರದ ವಿಷಯ ನನ್ನ ಹತ್ತಿರ ಎತ್ತಿಯೇ ಇಲ್ಲ. ಮಳೆ, ಬೆಳೆ, ಬಸ್ಸು, ಸೊಸೈಟಿ ಅಕ್ಕಿ ಎಲ್ಲವೂ ಬರುತ್ತವೆ. ಅಕ್ಷರ ಮಾತ್ರ ಬರುವುದಿಲ್ಲ.

ಹಾಗಾಗಿ ನಾನು ಎಣ್ಣೆ ಅಂಗಡಿಯವರಿಗೆ ಒಂದು ಷರತ್ತು ಹಾಕಿದೆ. ಅಪ್ಪನ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಫಾಂಟ್ ಮಾಡುತ್ತೇನೆ, ಅದರಲ್ಲೇ ನಿಮ್ಮ ಬೋರ್ಡ್. ಆದರೆ ಅಪ್ಪನ ಬಾಯಿಂದ "ಸರಿ" ಎಂಬ ಮಾತು ಬರುವವರೆಗೆ ಬೋರ್ಡ್ ಕೊಡುವುದಿಲ್ಲ.

"ಅಲ್ಲ ಕಣವ್ವ, ನಿಮ್ಮಪ್ಪ ಸರಿ ಅನ್ನೋಗಂಟ ನಾ ಎಣ್ಣೆ ಮಾರಂಗಿಲ್ವಾ?"

"ಆಷಾಢದಲ್ಲಿ ಹೇಗೂ ತೆರೆಯಲ್ಲವಲ್ಲ ಸರ್. ನಲವತ್ತನಾಲ್ಕು ದಿನ ಇದೆ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿ ನೋಡಿ ಹೋದರು. ಆ "ಸರಿ" ನನಗೆ ಯಾಕೆ ಬೇಕಿತ್ತು ಎಂಬುದನ್ನು ಅವರಿಗೆ ಹೇಳಲಿಲ್ಲ.

ಜೂನ್ 15, 22, 29, ಜುಲೈ 6, ನಾಲ್ಕು ಭಾನುವಾರ ಊರೂರು ಸುತ್ತಿದೆ. ಎಲ್ಲೆಲ್ಲಿ ಬರೆದಿದ್ದೀಯ ಎಂದು ಅಪ್ಪನನ್ನು ಕೇಳಿದರೆ "ಗೋಡೆ ಇರೋ ಕಡೆ" ಅಂದ. ನಾನೇ ಒಂದು ನೋಟುಪುಸ್ತಕಕ್ಕೆ ಗೆರೆ ಎಳೆದುಕೊಂಡೆ: ತಾರೀಖು, ಊರು, ಅಂಗಡಿ, ಅಕ್ಷರದ ಎತ್ತರ, ಸ್ಥಿತಿ. ಒಟ್ಟು ಇಪ್ಪತ್ತಮೂರು ಬೋರ್ಡು ಸಿಕ್ಕವು. ಒಂಬತ್ತು ಮಾಸಿ ಹೋಗಿದ್ದವು. ಹದಿನಾಲ್ಕು ಚೆನ್ನಾಗಿದ್ದವು, ಕೊನೆಯ ಹೂವಿನ ಸಮೇತ. ಹಂಗಳದಲ್ಲಿ ಒಂದರ ಮೇಲೆ ಅರ್ಧ ಸುಣ್ಣ ಬಿದ್ದಿತ್ತು. ಕೇರಳದ ದಾರಿಯಲ್ಲಿರುವ ಮದ್ದೂರಿನ ಒಂದು ಟೀ ಅಂಗಡಿಯ ಬೋರ್ಡನ್ನು ಇಳಿಸಿ ಹಿತ್ತಲಿನ ಬಚ್ಚಲಿಗೆ ಮರೆ ಮಾಡಿದ್ದರು. ಅದರೊಳಗೆ ಯಾರೋ ಸ್ನಾನ ಮಾಡುತ್ತಿದ್ದುದರಿಂದ ನಲವತ್ತು ನಿಮಿಷ ಕಾದೆ, ಬಸ್ಸು ತಪ್ಪಿತು. ಚಾಮರಾಜನಗರದ ಒಬ್ಬರು ಹೋಟೆಲಿನವರು ನನ್ನ ಟೇಪು ನೋಡಿ ಬೋರ್ಡಿನ ತೆರಿಗೆ ಹಾಕಲು ಬಂದವಳೆಂದುಕೊಂಡು, "ಅದು ನಮ್ಮ ಬೋರ್ಡೇ ಅಲ್ಲ" ಎಂದು ಸಾಧಿಸಿದರು. ಬೋರ್ಡಿನ ಮೇಲೆ ಇದ್ದದ್ದು ಅವರದೇ ಹೆಸರು.

ವರ್ಣಮಾಲೆಯ ನಲವತ್ತೊಂಬತ್ತರಲ್ಲಿ ಮೂವತ್ತೇಳು ಅಕ್ಷರ ಸಿಕ್ಕವು. ಒಂದೊಂದನ್ನೂ ಫೋಟೋ ತೆಗೆದು, ಅಂಚಿಗೆ ಗೆರೆ ಎಳೆದು, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಕೂಡಿಸಬೇಕು. ಇಂಗ್ಲಿಷಿನವರಿಗೆ ಈ ಪಾಡಿಲ್ಲ, ಅವರ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುವುದಿಲ್ಲ. "ಎಣ್ಣೆ" ಬರೆದರೆ ಮೇಲಿನ ಅಕ್ಷರದ ಉಗುರು ಕೆಳಗಿನ ಒತ್ತಿನ ನೆತ್ತಿಗೆ ಚುಚ್ಚುತ್ತಿತ್ತು. ಉಗುರು ಕತ್ತರಿಸಿದರೆ ಅಕ್ಷರ ಬೋಳು. ಒತ್ತನ್ನು ಕೆಳಗಿಳಿಸಿದರೆ ಅದು ಬೇರೆ ಸಾಲಿಗೆ ಸೇರಿದಂತೆ ಕಾಣುತ್ತದೆ. ಆ ಒಂದು ಜೋಡಿಗೆ ನಾನು ಹನ್ನೊಂದು ಸಲ ಕೂತೆ.

ಇದಕ್ಕಿಂತ ರೇಗಿಸಿದ್ದು ಹೂವು. ಉಳಿದ ಅಕ್ಷರಗಳಲ್ಲಿ ಅಪ್ಪನ ಕೈ ಒಂದೇ ಸಮ. ಹತ್ತು ವರ್ಷ ಅಂತರದಲ್ಲಿ ಬರೆದ ಎರಡು "ಅ" ಒಂದರ ಮೇಲೊಂದು ಇಟ್ಟರೆ ಕೂದಲೆಳೆ ವ್ಯತ್ಯಾಸ. ಹೂವು ಮಾತ್ರ ಒಂದರಂತೆ ಒಂದಿಲ್ಲ. ನೋಟುಪುಸ್ತಕದ ಲೆಕ್ಕ ಹೀಗಿದೆ: ಐದು ಎಸಳಿನವು ಆರು, ನಾಲ್ಕು ಎಸಳಿನವು ಮೂರು, ಆರು ಎಸಳಿನವು ಎರಡು, ಎಸಳು ಎಣಿಸಲಾಗದವು ಎರಡು, ಹೂವೋ ಅಲ್ಲವೋ ಹೇಳಲಾಗದ್ದು ಒಂದು. ಇಷ್ಟು ಶಿಸ್ತಿನ ಮನುಷ್ಯ ಕೊನೆಗೆ ಬಂದು ಹೀಗೆ ಕೈ ಬಿಡುವುದೇ ಎಂದು ಸಿಟ್ಟು ಬಂತು. ಹದಿನಾಲ್ಕನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಕಿ ಸರಾಸರಿ ತೆಗೆದೆ. ಎಡಕ್ಕೆ ತುಸು ವಾಲಿದ, ಐದು ಎಸಳಿನ, ಅಚ್ಚುಕಟ್ಟಾದ ಒಂದು ಹೂವು ಬಂತು. ನೋಡಿ ಬೆನ್ನು ತಟ್ಟಿಕೊಂಡೆ.

ಜುಲೈ 7, ಸೋಮವಾರ, ಸಂಜೆ 7:30. ಅಪ್ಪನಿಗೆ ಮೊದಲ ಪ್ರಿಂಟ್ ತೋರಿಸಿದೆ. "ಮರದ ಗಾಣದ ಎಣ್ಣೆ" ಎಂದು ಒಂದೇ ಸಾಲು. ಅವನು ಹಾಳೆಯನ್ನು ತಲೆಕೆಳಗು ಮಾಡಿ, ಕೈ ಉದ್ದಕ್ಕೆ ಚಾಚಿ ನೋಡಿದ.

"ಉಲ್ಟಾ ಹಿಡಿದಿದ್ದೀಯ ಅಪ್ಪ."

"ಗೊತ್ತು."

ಆಮೇಲೆ "ಮಕಾರದ್ ಹೊಟ್ಟೆ ಹಸ್ದದೆ" ಎಂದು ಹಾಳೆ ವಾಪಸು ಕೊಟ್ಟ.

ಎರಡು ವರ್ಷದ ಮೇಲೆ ಅಕ್ಷರದ ಬಗ್ಗೆ ಆಡಿದ ಮೊದಲ ಮಾತು, ಅದೂ ಬೈಗುಳ. ಆದರೂ ನಾನು ತಾರೀಖು ಹಾಕಿ ಬರೆದಿಟ್ಟೆ. ಆಮೇಲೆ 9, 10, 12, 13, 15, 17, 18ನೇ ತಾರೀಖು, ಮೊದಲನೆಯದೂ ಸೇರಿ ಒಟ್ಟು ಎಂಟು ಪ್ರಿಂಟ್. ಎಂಟನ್ನೂ ಅವನು ತಲೆಕೆಳಗೇ ಹಿಡಿದ. ಮೂರನೆಯ ಸಲ ನನ್ನ ಮುಖ ನೋಡಿ ಅವ್ವ ಹೇಳಿದಳು: "ಓದಕ್ ಬಂದ್ಬುಟ್ರೆ ಅಕ್ಷರ ಕಾಣದಿಲ್ವಂತೆ ಕಣಮ್ಮಿ. ನನ್ ಮದ್ವೆಯಾದಾಗ್ಲಿಂದ ಇಂಗೇ ನೋಡದು." ಎರಡನೆಯದಕ್ಕೆ "ಉಗುರ್ ಬೆಳ್ದವೆ, ಕತ್ತರ್ಸು" ಅಂದ. ನಾಲ್ಕನೆಯದಕ್ಕೆ "ದಕಾರ ಕುಡ್ದು ಬಂದಂಗದೆ." ಐದನೆಯದಕ್ಕೆ "ಣಕಾರ ಒಂದು ಪರವಾಗಿಲ್ಲ." ಅವೆಲ್ಲ ತಿದ್ದಬಹುದಾದ ತಪ್ಪುಗಳು, ತಿದ್ದಿದೆ. ಆರನೆಯದರಿಂದ ಆಚೆಗೆ ಒಂದೇ ಪಲ್ಲವಿ.

"ಇದು ನಂದಲ್ಲ."

"ಯಾವುದು ನಿಂದಲ್ಲ?"

"ಕೊನೇದು. ಹೂವ."

"ಅಪ್ಪ, ಹದಿನಾಲ್ಕು ಬೋರ್ಡು ಅಳೆದಿದ್ದೀನಿ. ಇಂಚಿನ ಲೆಕ್ಕ ಇದೆ. ತೋರಿಸ್ಲಾ?"

"ಅಳ್ದಿರ್ಬೋದು. ನಂದಲ್ಲ."

"ಹಂಗಾದ್ರೆ ನಿಂದು ಹೆಂಗಿರುತ್ತೆ, ಬರೆದು ಕೊಡು. ಪೆನ್ನಲ್ಲಿ ಸಾಕು."

"ಹೂವ ನಂಗ್ ಬರದಿಲ್ಲ ಕಣಮ್ಮಿ" ಎಂದು ಎದ್ದು ಕೊಟ್ಟಿಗೆಯ ಕಡೆ ಹೋದ.

ಡೈರಿಯಲ್ಲಿ ಆ ಸಾಲಿನ ಪಕ್ಕ "ನೆಪ" ಎಂದು ಬರೆದಿದ್ದೇನೆ. ಭುಜ ಏಳದಿದ್ದರೂ ಪೆನ್ನು ಹಿಡಿಯಲು ಏನು ಕಷ್ಟ? ದಿನಸಿ ಅಂಗಡಿಯ ಫ್ಲೆಕ್ಸಿನ ಸಿಟ್ಟನ್ನು ಈಗ ಒಂದು ಹೂವಿನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಅತ್ತ ಎಣ್ಣೆ ಅಂಗಡಿಯವರು ದಿನಕ್ಕೆರಡು ಸಲ ಫೋನು. "ಏನವ್ವ, ಸಾಹೇಬ್ರು ಸೈನ್ ಹಾಕುದ್ರಾ?" ಹದಿನೆಂಟರ ಹೊತ್ತಿಗೆ ಆ ಫೋನಿಗೆ ನಾನು ಬೇರೆ ರಿಂಗ್‌ಟೋನ್ ಇಟ್ಟಿದ್ದೆ, ಎತ್ತಬಾರದು ಎಂದು ಗೊತ್ತಾಗಲಿ ಎಂದು.

ಜುಲೈ 20, ಭಾನುವಾರ, ಬೆಳಗ್ಗೆ 11:10. ಅಪ್ಪನಿಗೆ ಅಳತೆಯ ಸಾಕ್ಷಿ ತೋರಿಸಿಯೇ ಬಾಯಿ ಮುಚ್ಚಿಸಬೇಕೆಂದು ಗುಂಡ್ಲುಪೇಟೆಯ ಟೈಲರ್ ಅಂಗಡಿಗೆ ಮತ್ತೆ ಹೋದೆ. ಅಲ್ಲಿನ ಹೂವು ಎಲ್ಲಕ್ಕಿಂತ ಸ್ಪಷ್ಟ. ಐದು ಎಸಳು, ಒಂದು ಸೊಟ್ಟ. ಈಗ ಅಂಗಡಿ ನಡೆಸುತ್ತಿರುವವರು ಟೈಲರಿನ ಹೆಂಡತಿ. ನಾನು ಸ್ಟೂಲು ಹತ್ತಿ ಟೇಪು ಹಿಡಿದಿದ್ದನ್ನು ನೋಡಿ ಮೆಷಿನ್ ನಿಲ್ಲಿಸಿದರು.

"ಮೊನ್ನೆನೂ ಬಂದಿದ್ದಲ್ಲವ್ವ ಟೇಪ್ ಇಡ್ಕಂಡು. ನನ್ ಹೂವಲ್ಲಿ ಅಂತಾದ್ ಏನದೆ?"

"ನಿಮ್ಮ ಹೂವಾ?"

"ಮತ್ತೆ ನಾನೇ ಬರ್ದುದ್ದು. ಮದ್ವೆಯಾಗಿ ತಿಂಗ್ಳೂ ಆಗಿರ್ನಿಲ್ಲ. ಪೂಜೆ ಆಯ್ತು, ನಿಮ್ಮಪ್ಪ ಬ್ರಷ್ ತಂದು ಕೈಗ್ ಕೊಟ್ಬುಟ್ರು, ಮುಗ್ಸವ್ವ ಅಂತ. ಎಲ್ರೂ ನೋಡ್ತಾವ್ರೆ, ಕೈ ನಡುಗ್ಬುಡ್ತು. ನಮ್ಮೋರು ಒರ್ಸಿ ಒರ್ಸಿ ಅಂದ್ರು. ನಿಮ್ಮಪ್ಪ ಒರ್ಸ್ನಿಲ್ಲ."

ನಾನು ಸ್ಟೂಲಿನ ಮೇಲೆಯೇ ನಿಂತಿದ್ದೆ. ಟೇಪು ಸುರ್ರನೆ ಡಬ್ಬಿಯೊಳಕ್ಕೆ ಹೋಯಿತು.

ಅವತ್ತು ಮಧ್ಯಾಹ್ನ ಉಳಿದವರ ಬಳಿಗೆಲ್ಲ ಹೋಗಿ, ಇಲ್ಲವೇ ಫೋನು ಮಾಡಿ ಕೇಳಿದೆ. ಹದಿನಾಲ್ಕರಲ್ಲಿ ಹನ್ನೊಂದು ಹೂವಿಗೆ ಬರೆದವರು ಸಿಕ್ಕರು. ಸೋಡಾ ಅಂಗಡಿಯದ್ದನ್ನು ಅವರ ಮಗಳು ಏಳನೇ ವಯಸ್ಸಿನಲ್ಲಿ ಬರೆದದ್ದು, ಈಗ ಅವರು ಟೀಚರು. ತೆರಿಗೆಗೆ ಹೆದರಿದ ಹೋಟೆಲಿನದ್ದು ಅವರ ಅತ್ತೆಯದು. ಹೂವೋ ಅಲ್ಲವೋ ಎಂದು ನಾನು ಗುರುತು ಹಾಕಿಕೊಂಡಿದ್ದದ್ದು ಸೈಕಲ್ ಅಂಗಡಿಯವರದು. "ಹೂವಲ್ಲ ಕಣಮ್ಮ, ಚಕ್ರ ಬರಿಯಕ್ ಹೋದೆ, ಕಡ್ಡಿಗಳು ಕೈಗ್ ಸಿಗ್ನಿಲ್ಲ" ಅಂದರು. ಸಿಗದ ಮೂವರೂ ಸೇರಿ ಹದಿನಾಲ್ಕು ಜನ, ಹದಿನಾಲ್ಕು ಹೆದರಿದ ಕೈ, ಎಲ್ಲರಿಗೂ ಜೀವನದಲ್ಲಿ ಅದೇ ಮೊದಲ ಬ್ರಷ್ಷು. ಅವರೆಲ್ಲರ ಸರಾಸರಿ ತೆಗೆದು ನಾನು ಅಪ್ಪನ ಮುಂದೆ ಹಿಡಿದು, ಇದು ನಿಂದೇ ಎಂದು ಮೂರು ಸಲ ವಾದ ಮಾಡಿದ್ದೆ.

ಸಂಜೆ ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ಯಾಕೆ ಹೇಳಲಿಲ್ಲ?"

"ಹೇಳ್ದೆನಲ್ಲ, ಹೂವ ನಂಗ್ ಬರದಿಲ್ಲ ಅಂತ."

"ಬೇರೆಯವರು ಬರೆದದ್ದು ಅಂತ ಹೇಳಬಹುದಿತ್ತಲ್ಲ."

"ನೀನ್ ಕೇಳ್ನಿಲ್ವಲ್ಲ. ನೀನ್ ಅಳ್ತೆ ತಗುದ್ಯಲ್ಲ."

ಅದು ಅಪ್ಪನಿಗೆ ಕಲಿಸಿದ ಹಿರಿಯರ ಪದ್ಧತಿಯಂತೆ. ಬರೆಯುವವನು ಬೋರ್ಡ್ ಮುಗಿಸಬಾರದು, ಅಂಗಡಿಯ ಮನೆಯವರೊಬ್ಬರು ಮುಗಿಸಬೇಕು. ಅಷ್ಟು ಮಾಡಿದ ಮೇಲೇ ಬೋರ್ಡ್ ಅವರದಾಗುವುದು. ನಾನು ಕೇಳುತ್ತ ನಿಂತಿದ್ದನ್ನು ನೋಡಿ ಅಪ್ಪ ಸೇರಿಸಿದ: "ಇನ್ನೊಂದ್ ಅನುಕೂಲ ಅದೆ. ಅವ್ರ್ ಕೈನೂ ಬಿದ್ಬುಟ್ರೆ, ಆಮೇಲೆ ಬೋರ್ಡ್ ಸೊಟ್ಟ ಅಂತ ನನ್ ಮೇಲ್ ಹೇಳಂಗಿಲ್ಲ ನೋಡು."

ಹುಲ್ಲಿನ ಕಂತೆ ಬಿಚ್ಚಿ ಹಾಕಿ ಕೈ ಕೊಡವಿಕೊಂಡ.

"ಆ ದಿನಸಿ ಅಂಗಡಿ ಬೋರ್ಡು. ನಿನ್ ಫ್ಲೆಕ್ಸು ನನ್ನಕ್ಷರ ಮುಚ್ತು ಅಂತ ನಂಗೇನ್ ಬ್ಯಾಸ್ರ ಇಲ್ಲ. ನನ್ನಕ್ಷರ ಇನ್ನಿಪ್ಪತ್ ಕಡೆ ಅದೆ. ಅದ್ರಲ್ಲಿ ಹೂವ ಬರ್ದುದ್ದು ಅವ್ರ್ ತಾಯಿ. ಮುಂದಿನ್ ವರ್ಷಕ್ಕೇ ಆಯಮ್ಮ ಓಗ್ಬುಟ್ರು. ದಿನಾ ಸಲೂನಲ್ಲಿ ಕೂತು ನೋಡ್ತಿದ್ದೆ. ಅದು ಮುಚ್ಚೋಯ್ತು."

ಎರಡು ವರ್ಷ ನಾನು ಬೇರೆ ಏನನ್ನೋ ಲೆಕ್ಕ ಹಾಕಿಕೊಂಡು ಕೂತಿದ್ದೆ.

ಜುಲೈ 21, ಬೆಳಗ್ಗೆ 6:10. ಫಾಂಟಿನಿಂದ ಹೂವನ್ನು ಅಳಿಸಿದೆ. ಅದರ ಜಾಗದಲ್ಲಿ ಬೇರೇನೂ ಇಡಲಿಲ್ಲ. ಕೊನೆಯ ಗೆರೆ ಉಗುರಿಲ್ಲದೆ, ಯಾರಾದರೂ ಹಿಡಿದುಕೊಳ್ಳಲಿ ಎಂಬಂತೆ ಸುಮ್ಮನೆ ನಿಲ್ಲುತ್ತದೆ. 22ರ ಸಂಜೆ ಒಂಬತ್ತನೆಯ ಪ್ರಿಂಟ್ ಕೊಟ್ಟೆ. ಅಪ್ಪ ತಲೆಕೆಳಗು ಮಾಡಿ ಬಹಳ ಹೊತ್ತು ನೋಡಿದ.

"ಹೂಂ."

"ಹೂಂ ಅಂದರೆ ಸರಿಯಾ?"

"ಬೋರ್ಡ್ ಮೇಲಕ್ ಏರುದ್ಮೇಲೆ ಹೇಳ್ತೀನಿ."

ಇಷ್ಟು ಪಡಿಪಾಟಲು ಪಟ್ಟವರಿಗೆ ಕೊಡುವ ಉತ್ತರವೇ ಇದು? 24ನೇ ತಾರೀಖು, ನನ್ನ ಷರತ್ತನ್ನು ನಾನೇ ಮುರಿದು, "ಸರಿ" ಇಲ್ಲದೆ ಬೋರ್ಡನ್ನು ಪ್ರಿಂಟಿಗೆ ಕೊಟ್ಟೆ. ಡೈರಿಯಲ್ಲಿ ಅದಕ್ಕೆ ಕೆಂಪು ಗೆರೆ ಹಾಕಿದ್ದೇನೆ.

ಜುಲೈ 28, ಶ್ರಾವಣದ ಮೊದಲ ಸೋಮವಾರ. ಅಂಗಡಿಯ ಮುಂದೆ ಮಾವಿನೆಲೆ, ಬಾಳೆಕಂದು, ಚೆಂಡುಹೂವಿನ ಹಾರ. ಬೋರ್ಡನ್ನು ಮೇಲೇರಿಸದೆ ಗೋಡೆಗೆ ಒರಗಿಸಿಟ್ಟಿದ್ದರು. ಒಂಬತ್ತೂಕಾಲಿಗೆ ಪೂಜೆ ಮುಗಿಯಿತು. ಅಪ್ಪ ಹಂಗಳದ ಬಸ್ಸಿಗೆ ಬಂದು, ಕೈಚೀಲದಿಂದ ಕೆಂಪು ಪೇಂಟಿನ ಸಣ್ಣ ಡಬ್ಬಿ, ಒಂದು ಬ್ರಷ್ಷು, ಉಜ್ಜುವ ಉಪ್ಪು ಕಾಗದದ ಚೂರು ತೆಗೆದ. ನಾನು ತರಲು ಹೇಳಿರಲಿಲ್ಲ. ಪ್ರಿಂಟಿನ ಮೇಲೆ ಪೇಂಟು ಹಿಡಿಯುವುದಿಲ್ಲ ಎಂದು ಯೋಚಿಸಿ, ಹೂವು ಬರಬೇಕಾದ ಜಾಗವನ್ನಷ್ಟೇ ಎಡಗೈಯಲ್ಲಿ ಉಜ್ಜತೊಡಗಿದ.

ಎಣ್ಣೆ ಅಂಗಡಿಯವರು ಓಡಿ ಬಂದರು. "ಅಣ್ಣೋ, ಹೊಸಾ ಬೋರ್ಡ್ ಯಾಕ್ ಕೆರಿತೀರಿ? ಹೂವ ಪ್ರಿಂಟಲ್ಲೇ ಬರ್ಬೇಕಿತ್ತಲ್ವಾ?"

"ನಿಮ್ಮ ತಾಯಿ ಬರೀತಾರೆ" ಎಂದೆ.

"ನಮ್ಮವ್ವನಾ? ನೆಂಟ್ರೆಲ್ಲ ಬಂದವ್ರೆ. ಸೊಟ್ಟ ಆದ್ರೆ?"

"ಸೊಟ್ಟಾನೇ ಆಯ್ತದೆ" ಅಂದ ಅಪ್ಪ, ಉಜ್ಜುವುದನ್ನು ನಿಲ್ಲಿಸದೆ. "ತಾತನ್ ಕಾಲ್ದ್ ಅಂಗಡಿ ಅಂದ್ರಂತಲ್ಲ. ಸೊಟ್ಟ ಇಲ್ದೆ ಯಾವ್ ತಾತ?"

ಅವರ ತಾಯಿಗೆ ಎಪ್ಪತ್ತರ ಮೇಲಾಗಿದೆ. ಕುರ್ಚಿಯಿಂದಲೇ ಕೈ ಅಲ್ಲಾಡಿಸಿದರು. "ನಂಗ್ ಓದ್ ಬರಾನೇ ಬರದಿಲ್ಲ. ನಾ ಏನಪ್ಪ ಬರೀಲಿ?"

"ಅಕ್ಷರ ನಾವ್ ಬರ್ದಿದ್ದೀವಿ ಕಣವ್ವ. ನೀವು ಹೂವ ಬರೀರಿ. ಬಾಗ್ಲಲ್ಲಿ ರಂಗೋಲಿ ಬಿಡದಿಲ್ವಾ, ಅಂಗೇಯ."

ಅಪ್ಪ "ನಾವು" ಎಂದ. ಗಂಟೆ 9:32.

ಅಜ್ಜಿ ಬಗ್ಗಿ, ಬ್ರಷ್ಷನ್ನು ಸೌಟಿನಂತೆ ಹಿಡಿದು, ಒಂದು ಚುಕ್ಕಿ ಇಟ್ಟು ಅದರ ಸುತ್ತ ಎಳೆದರು. ಎಂಟು ಎಸಳು. ಉಜ್ಜಿದ ಜಾಗ ದಾಟಿ ಹೊರಗೆ ಹೋಯಿತು. ಒಂದು ಎಸಳಿನಿಂದ ಪೇಂಟು ಸೋರಿ ಅರ್ಧ ಇಂಚು ಕೆಳಗಿಳಿಯಿತು. ನಲವತ್ತನಾಲ್ಕು ದಿನದ ಕೆಲಸದ ಕೊನೆಗೆ, ಹನ್ನೊಂದು ಸಲ ಕೂತು ಸರಿಪಡಿಸಿದ "ಣ್ಣೆ"ಯ ಪಕ್ಕಕ್ಕೇ, ಕಾಲಡಿ ಸಿಕ್ಕ ಟೊಮೆಟೊದಂಥ ಒಂದು ಹೂವು. ಸಾಲದ್ದಕ್ಕೆ ಬೋರ್ಡ್ ಮೇಲೇರಿಸುವಾಗ ಕೂಲಿಯವರ ಹೆಬ್ಬೆರಳು ತಾಗಿ ಇನ್ನೊಂದು ಎಸಳು ಸವರಿಹೋಯಿತು. ಅಜ್ಜಿ ಮಾತ್ರ ಕೆಂಪಾದ ಬೆರಳನ್ನು ಒರೆಸಿಕೊಳ್ಳದೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಪ್ಪ ರಸ್ತೆ ದಾಟಿ ಆಚೆ ನಿಂತ. ನಾನೂ ಹೋದೆ. ಬೋರ್ಡನ್ನು ತಲೆಕೆಳಗು ಮಾಡುವಂತಿಲ್ಲ. "ಪೋಟೋ ತೆಗಿ" ಅಂದ. ತೆಗೆದು ಕೊಟ್ಟೆ. ಫೋನನ್ನು ತಿರುಗಿಸಿದ, ಚಿತ್ರವೂ ತಿರುಗಿ ನೆಟ್ಟಗಾಯಿತು. ಮತ್ತೆ ತಿರುಗಿಸಿದ, ಮತ್ತೆ ನೆಟ್ಟಗಾಯಿತು.

"ನಾ ತಿರುಗ್ಸುದ್ರೆ ಇದೂ ತಿರುಗ್ತದಲ್ಲಮ್ಮಿ. ಇದ್ಕೇನ್ ಓದಕ್ ಬತ್ತದಾ?"

ಚಿತ್ರ ತಿರುಗದಂತೆ ಫೋನಿಗೆ ಬೀಗ ಹಾಕಿ ತಲೆಕೆಳಗು ಕೊಟ್ಟೆ. ಕೈ ಉದ್ದಕ್ಕೆ ಚಾಚಿ ನೋಡಿದ. ಊಟಿ ಕಡೆ ಹೋಗುವ ಎರಡು ಕಾರು, ಒಂದು ಕೇರಳದ ಲಾರಿ ಹಾದುಹೋದವು. ಯಾವುದೂ ನಿಲ್ಲಲಿಲ್ಲ.

"ಸರಿ" ಅಂದ. ಆಮೇಲೆ ಫೋನು ವಾಪಸು ಕೊಡುತ್ತ, "ಣ್ಣೆ ವಸಿ ಎಡಕ್ ಬರ್ಬೇಕಿತ್ತು" ಅಂದ.

10:05. ಎರಡೂ ಮಾತನ್ನು ಒಂದೇ ಸಾಲಿನಲ್ಲಿ ಬರೆದುಕೊಂಡೆ. ಅವತ್ತು ಸಂಜೆಯೇ ಫಾಂಟಿನಲ್ಲಿ "ಣ್ಣೆ"ಯನ್ನು ಎಡಕ್ಕೆ ಸರಿಸಿದೆ, ಅವನು ಹೇಳಿದ್ದು ನಿಜವಾಗಿತ್ತು. ಆ ವಾರವೇ ದಿನಸಿ ಅಂಗಡಿಗೂ ಹೋಗಿ, ನನ್ನ ಫ್ಲೆಕ್ಸನ್ನು ಒಂದಡಿ ಮೇಲಕ್ಕೆ ಹೊಡೆಯಿರಿ, ಹಳೇ ಬೋರ್ಡಿನ ಬಲ ಮೂಲೆ ಕಾಣಲಿ ಎಂದು ಕೇಳಿದ್ದೇನೆ. "ನೋಡನ ಬುಡವ್ವ" ಅಂದಿದ್ದಾರೆ. ಇದುವರೆಗೆ ಐದು ಸಲ ಅಂದಿದ್ದಾರೆ.

ಇನ್ನೂ ಹನ್ನೆರಡು ಅಕ್ಷರ ಸಿಕ್ಕಿಲ್ಲ: ಋ, ಐ, ಔ, ವಿಸರ್ಗ, ಘ, ಙ, ಛ, ಝ, ಞ, ಠ, ಢ, ಥ. ಅಪ್ಪನನ್ನು ಕೇಳಿದರೆ, "ಯಾವ್ ಅಂಗ್ಡಿಯೋರೂ ಕೇಳ್ನಿಲ್ಲ, ನಾ ಬರೀನಿಲ್ಲ" ಎನ್ನುತ್ತಾನೆ. ಅವನಿಗೆ ಕಲಿಸಿದ ಹಿರಿಯರು ಎಲ್ಲಿಂದ ಬಂದವರು, ಆ ಉಗುರನ್ನು ಅವರು ಎಲ್ಲಿ ಕಲಿತರು ಎಂಬುದೂ ಅವನಿಗೆ ಗೊತ್ತಿಲ್ಲ. ನಿಮ್ಮೂರಿನಲ್ಲಿ, ನಂಜನಗೂಡಿನ ಕಡೆಯಾಗಲಿ, ಕೊಳ್ಳೇಗಾಲದ ಕಡೆಯಾಗಲಿ, ಗಡಿಯಾಚೆಯ ತಾಳವಾಡಿಯಲ್ಲಾಗಲಿ, ಕೊನೆಯ ಅಕ್ಷರಕ್ಕೆ ಒಂದೇ ಹೂವು ಇರುವ ಹಳೇ ಬೋರ್ಡ್ ಇದ್ದರೆ, ಈ ಬರಹ ನಿಮಗೆ ಸಿಕ್ಕಿದ ಕಡೆಗೇ ಒಂದು ಕಾಗದ ಹಾಕಿ. ಈ ಹನ್ನೆರಡರಲ್ಲಿ ಒಂದಾದರೂ ಅದರಲ್ಲಿದ್ದರೆ ಮೊದಲು ಅದನ್ನು ತಿಳಿಸಿ. ಎತ್ತರ ಅಳೆಯುವುದು, ಎಸಳು ಎಣಿಸುವುದು ಬೇಡ. ಒಳಗೆ ಹೋಗಿ, ಹೂವು ಯಾರು ಬರೆದದ್ದು ಎಂದು ಕೇಳಿ ಬರೆಯಿರಿ.